ಪ್ರತಿಕ್ರಿಯೆ: ಹುಳದ ವಿಡಿಯೋ ಬಂದ್ರೆ ಮೊದ್ಲು ಏನ್ ಮಾಡೋದು

ಸರ್, ಡೊಂಬಿವಲಿಲಿ ನಿಮ್ಮ ಹೋಟೆಲ್ ಸಾಂಬಾರಲ್ಲಿ ಹುಳ ಅಂತ ವಿಡಿಯೋ ಓಡ್ತಿದೆ, ಹೆಸರು ಸರಿಮಾಡೋಕೆ ಪಿಆರ್ (ಪ್ರಚಾರದ) ಏಜೆನ್ಸಿ ಹಿಡೀಲಾ ಅಂತ ಕೇಳಿದ್ರಲ್ಲ, ಈಗ್ಲೇ ಬೇಡ. ಮೊದ್ಲು ಆ ಗಿರಾಕಿಗೆ ನೀವೇ ಫೋನ್ ಮಾಡಿ ಕ್ಷಮೆ ಕೇಳಿ, ಅಡುಗೆಮನೆ ಪೂರ್ತಿ ಕ್ಲೀನ್ ಮಾಡ್ಸಿ ಪೆಸ್ಟ್ ಕಂಟ್ರೋಲ್ ಬಿಲ್ಲು ತಾರೀಖು ಕಾಣೋ ಹಾಗೆ ಗಲ್ಲಾ ಹತ್ರ ಅಂಟ್ಸಿ, ಗೂಗಲ್ ರಿವ್ಯೂಗೆ ಮರಾಠಿಲೂ ಉತ್ರ ಕೊಡಿ, ಸುಳ್ಳು ಫೈವ್ ಸ್ಟಾರ್ ಮಾತ್ರ ದಯವಿಟ್ಟು ಹಾಕಿಸ್ಬೇಡಿ, ಸಿಕ್ಕಿಬಿದ್ರೆ ಇರೋ ಮಾನನೂ ಹೋಗತ್ತೆ. 2003ರಲ್ಲಿ ಇಲ್ಲೇ ಮುಂಬೈಲಿ ಕ್ಯಾಡ್ಬರಿ ಚಾಕ್ಲೇಟಲ್ಲಿ ಹುಳ ಸಿಕ್ಕಾಗ ಅಂಗಡಿಯವ್ರು ಸರಿಯಾಗಿ ಇಟ್ಟಿಲ್ಲ ಅಂತ ಕಂಪನಿ ಹೇಳ್ತು, ಜನ ಎಲ್ಲಿ ಒಪ್ತಾರೆ. ಆಮೇಲೆ ಅಂಗಡಿಯವ್ರಿಗೆ ಟ್ರೇನಿಂಗ್ ಕೊಟ್ಟು, 2004ರಲ್ಲಿ ಪ್ಯಾಕಿಂಗೇ ಬದಲಾಯ್ಸಿ, ಅಮಿತಾಭ್ ಬಚ್ಚನ್ ಅವ್ರ ಕೈಲಿ ಜಾಹೀರಾತು ಮಾಡ್ಸಿದ್ಮೇಲೆ ನಂಬಿಕೆ ವಾಪಸ್ ಬಂತು. ಎಫ್‌ಡಿಎಯವ್ರು, ಅಂದ್ರೆ ಸರ್ಕಾರದ ಆಹಾರ-ಔಷಧ ಇಲಾಖೆಯವ್ರು, ಬಂದ್ರೆ ತೋರ್ಸೋಕೆ ಲೈಸೆನ್ಸು, ಬಿಲ್ಲು ಎಲ್ಲಾ ಒಂದೇ ಫೈಲಲ್ಲಿ ಇಟ್ಕೊಳ್ಳಿ.