ಮಳೆಗಾಲದಲ್ಲಿ ಸ್ಕೀ ಅಭ್ಯಾಸ

ಪ್ರಶ್ನೆ: ನನ್ನ 15ರ ಮಗಳು ಗುಲ್ಮಾರ್ಗ್‌ನಲ್ಲಿ ಸ್ಲಾಲಮ್ (ಹಿಮದಿಳಿಜಾರಿನಲ್ಲಿ ಕಂಬಗಳ ನಡುವೆ ಅಂಕುಡೊಂಕಾಗಿ ಸ್ಕೀ ಮೇಲೆ ಇಳಿಯುವ ಸ್ಪರ್ಧೆ) ಕಲಿಯುತ್ತಿದ್ದಾಳೆ. ಮಳೆಗಾಲವೆಲ್ಲ ಊರಲ್ಲೇ. ಅಭ್ಯಾಸ ಹೇಗೆ? ಸ್ಕೀಗೆ ತುಕ್ಕು ಹಿಡಿಯುತ್ತಿದೆ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ತುಕ್ಕು ನೋಡಿ. ಸ್ಕೀಯ ಅಂಚು ಉಕ್ಕಿನದು, ನಮ್ಮ ಥಂಡಿಗೆ ಬೇಗ ಕೆಂಪಾಗುತ್ತದೆ. ಒರೆಸಿ ಒಣಗಿಸಿ, ನುಣುಪು ಸಾಣೆಕಲ್ಲಿನಿಂದ ತುಕ್ಕು ತೆಗೆಯಿರಿ. ತಳದ ಜತೆ ಅಂಚೂ ಮುಚ್ಚುವಂತೆ ಸ್ಕೀ ವ್ಯಾಕ್ಸ್ (ಮೇಣ) ಕರಗಿಸಿ ದಪ್ಪಗೆ ಹಚ್ಚಿ. ಹಿಮಕ್ಕೆ ಹೋಗುವವರೆಗೆ ಆ ಮೇಣ ಕೆರೆಯಬೇಡಿ. ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರಿ ಮತ್ತೆ ತುಕ್ಕು.

ಸ್ಲಾಲಮ್ ಒಂದು ನಿಮಿಷದ ಆಸುಪಾಸಿನ ಆಟ. ಅಷ್ಟೂ ಹೊತ್ತು ಮಂಡಿ ಬಗ್ಗಿಸಿಯೇ ಭಾರ ತಡೆಯಬೇಕು, ಬರೀ ಓಟ ಸಾಲದು. ಗುಡ್ಡ ಹತ್ತುವುದಕ್ಕಿಂತ ನಿಧಾನವಾಗಿ ಇಳಿಯುವುದೇ ತೊಡೆಗೆ ಒಳ್ಳೆಯ ಪಾಠ; ಪಾಚಿಗಟ್ಟಿದ ದಾರಿ ಮಾತ್ರ ಬೇಡ. ಜಗಲಿಯಲ್ಲಿ ಅಕ್ಕಪಕ್ಕ ಜಿಗಿತ: 40 ಸೆಕೆಂಡು, 2 ನಿಮಿಷ ವಿಶ್ರಾಂತಿ, 5 ಸುತ್ತು, ವಾರಕ್ಕೆರಡು ದಿನ. ನೆಲಕ್ಕಿಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ತಕ್ಷಣ ನಿಲ್ಲಿಸಿ. ಮಂಡಿಯ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಆ ಭಂಗಿಯಲ್ಲೇ.