ಸಲಾಲಾಕ್ಕೆ ಹೊರಟ ಹೊನ್ನಾವರದವರಿಗೆ

ನೀವು ಕೇಳಿದ್ದು ಇಷ್ಟು. ಫೆಬ್ರವರಿಯಲ್ಲಿ ಒಮಾನ್‌ಗೆ ಬರುತ್ತಿದ್ದೀರಿ. ಮೊದಲ ಮೂರು ತಿಂಗಳು ಮಸ್ಕತ್‌ನಲ್ಲಿ ತರಬೇತಿ, ಆಮೇಲೆ ಸಲಾಲಾ ಬಂದರಿನಲ್ಲಿ ಕೆಲಸ. ಒಮಾನ್ ಅಂದರೆ ಬರೀ ಮರಳಾ? ಸಲಾಲಾದಲ್ಲಿ ನಮ್ಮ ಕಡೆಯ ಹಾಗೆ ಮಳೆಗಾಲ ಇದೆಯಂತೆ, ನಿಜವಾ? ಮನೆ ಎಲ್ಲಿ ನೋಡಬೇಕು, ಕಾರು ಬೇಕಾ, ಹೆಂಡತಿ ಮತ್ತು ಅಮ್ಮನನ್ನು ಯಾವಾಗ ಕರೆಸಿಕೊಳ್ಳಲಿ?

ನಾನು ಕುಂದಾಪುರ ಕಡೆಯವನು. 2005ರಲ್ಲಿ ಮಸ್ಕತ್‌ಗೆ ಬಂದೆ, ನಡುವೆ ಕೆಲವು ವರ್ಷ ಸಲಾಲಾದಲ್ಲೂ ಇದ್ದೆ. ಕರಾವಳಿಯಲ್ಲಿ ಹುಟ್ಟಿದವರು ಈ ದೇಶವನ್ನು ಹೇಗೆ ನೋಡಬೇಕು ಅಂತ ನನಗೆ ಅನ್ನಿಸಿದೆಯೋ ಹಾಗೆ ಬರೆಯುತ್ತೇನೆ.

ಮೊದಲು ಮರಳಿನ ವಿಷಯ. ಮಸ್ಕತ್‌ನಲ್ಲಿ ನಿಮಗೆ ಕಾಣುವುದು ಮರಳಿಗಿಂತ ಜಾಸ್ತಿ ಕಲ್ಲು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಜರ್ ಬೆಟ್ಟಸಾಲು, ಮಧ್ಯೆ ಸಿಕ್ಕ ಜಾಗದಲ್ಲಿ ಊರು. ಅದಕ್ಕೇ ಮತ್ರಾ, ರುವಿ, ಕುರುಮ್, ಖುವೈರ್, ಘುಬ್ರಾ, ಸೀಬ್ ಅಂತ ಕಡಲ ಗುಂಟ ಉದ್ದಕ್ಕೆ ಬೆಳೆದಿದೆ. ಬೆಟ್ಟಗಳ ಮೇಲೆ ಹಸಿರಿಲ್ಲ, ಕಪ್ಪು ಕಂದು ಬಂಡೆ ಮಾತ್ರ. ಅದರಲ್ಲಿ ಬಹಳಷ್ಟು ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಕಲ್ಲು. ಭೂಮಿಯ ಒತ್ತಡಕ್ಕೆ ಮೇಲೆ ಬಂದು ಕೂತಿದೆ. ಇಂಥ ಕಲ್ಲು ಇಷ್ಟು ದೊಡ್ಡದಾಗಿ, ಇಷ್ಟು ಬಯಲಾಗಿ ಕಾಣುವ ಜಾಗ ಪ್ರಪಂಚದಲ್ಲಿ ಕಡಿಮೆ. ಮರಳ ದಿಬ್ಬ ನೋಡಬೇಕಾದರೆ ಶರ್ಕಿಯಾಕ್ಕೆ ಹೋಗಬೇಕು, ಇಲ್ಲವೇ ಪಶ್ಚಿಮಕ್ಕೆ ರುಬ್ ಅಲ್ ಖಾಲಿ ಮರುಭೂಮಿಯ ಅಂಚಿಗೆ.

ಇದು ನಮಗೆ ತೀರಾ ಪರದೇಶ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಬಸ್ರೂರು, ಮಂಗಳೂರಿನ ಅಕ್ಕಿ ನೂರಾರು ವರ್ಷ ಈ ಕಡೆಯ ಬಂದರುಗಳಿಗೆ ಹಡಗಿನಲ್ಲಿ ಬಂದಿದೆ. ಟಿಪ್ಪು ಸುಲ್ತಾನ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ. 1970ರವರೆಗೂ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿ ಲೆಕ್ಕ. ಮತ್ರಾ ಸೂಕ್‌ನಲ್ಲಿ, ಅಂದರೆ ಅಲ್ಲಿಯ ಹಳೆಯ ಪೇಟೆಯಲ್ಲಿ, ನಡೆಯುವಾಗ ಇದನ್ನೆಲ್ಲ ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ.

ಸೆಖೆ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. 2018ರ ಜೂನ್‌ನಲ್ಲಿ ಮಸ್ಕತ್ ಹತ್ತಿರದ ಕುರಿಯಾತ್‌ನಲ್ಲಿ ಇಡೀ ಒಂದು ದಿನ, ರಾತ್ರಿ ಸೇರಿ, ತಾಪಮಾನ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ನೀವು ಬರುವ ಫೆಬ್ರವರಿಯಲ್ಲಿ ಹವೆ ಚೆನ್ನಾಗಿರುತ್ತದೆ. ಅದನ್ನು ನೋಡಿ ಇಷ್ಟೇ ಅಲ್ವಾ ಅಂದುಕೊಳ್ಳಬೇಡಿ.

ನೀವು ಕೇಳದೇ ಇದ್ದ ವಿಷಯವೊಂದಿದೆ. ಉಳಿದದ್ದೆಲ್ಲ ಮರೆತರೂ ಅದನ್ನು ಮರೆಯಬೇಡಿ.

ನಾನು ಬಂದ ಹೊಸತರಲ್ಲಿ ಮಸ್ಕತ್‌ನ ಸೇತುವೆಗಳನ್ನು ನೋಡಿ ಆಶ್ಚರ್ಯಪಟ್ಟಿದ್ದೆ. ಅಷ್ಟಗಲದ ಸೇತುವೆ, ಕೆಳಗೆ ಒಂದು ಹನಿ ನೀರಿಲ್ಲ. ಬರೀ ಜಲ್ಲಿಕಲ್ಲು, ಮುಳ್ಳಿನ ಗಿಡ, ಸಂಜೆ ಕ್ರಿಕೆಟ್ ಆಡುವ ಹುಡುಗರು. ಅದು ವಾದಿ, ಅಂದರೆ ಒಣಗಿದ ಹೊಳೆಯ ಪಾತ್ರ. ಮಸ್ಕತ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮ ಕಡೆ ಆಷಾಢದಲ್ಲಿ ಒಂದು ದಿನಕ್ಕೇ ಅಷ್ಟು ಬೀಳುವುದುಂಟು. ಹಾಗಾಗಿ ನಾವು ಕರಾವಳಿಯವರು ಇಲ್ಲಿಯ ನೀರನ್ನು ಲೆಕ್ಕಕ್ಕೇ ಇಡುವುದಿಲ್ಲ.

ಕಂಪನಿ ನಮಗೆ ಕೊಟ್ಟಿದ್ದ ರೂಮು ಅಂಥ ಒಂದು ವಾದಿಯ ಪಕ್ಕದಲ್ಲಿ, ನೆಲಮಟ್ಟದಲ್ಲಿತ್ತು. 2007ರ ಜೂನ್ ಮೊದಲ ವಾರ ಗೋನು ಚಂಡಮಾರುತ ಬಂತು. ಅರಬ್ಬಿ ಸಮುದ್ರದಲ್ಲಿ ಅಷ್ಟು ಜೋರಿನದು ಅದಕ್ಕೆ ಮೊದಲು ದಾಖಲಾಗಿರಲಿಲ್ಲ. ಗಾಳಿಗೆ ನಾವು ಹೆದರಿದ್ದೆವು, ಆದರೆ ಊರನ್ನು ಕೆಡವಿದ್ದು ನೀರು. ಬೆಟ್ಟದ ಮೇಲೆ ಬಿದ್ದದ್ದೆಲ್ಲ ಬೋಳು ಬಂಡೆಯ ಮೇಲಿಂದ ಹಾಗೇ ಜಾರಿ ಬಂತು. ಹೀರಿಕೊಳ್ಳಲು ಮಣ್ಣಿಲ್ಲ, ತಡೆಯಲು ಮರವಿಲ್ಲ. ವಾದಿ ಅದೈ ತುಂಬಿ ಹರಿಯಿತು, ಕುರುಮ್‌ನಲ್ಲಿ ಹೆದ್ದಾರಿ ಕಿತ್ತುಹೋಯಿತು. ಸಮುದ್ರದ ನೀರು ಸಿಹಿ ಮಾಡುವ ಘಟಕಗಳು ನಿಂತು ದಿನಗಟ್ಟಲೆ ನಲ್ಲಿಯಲ್ಲಿ ನೀರಿಲ್ಲ. ಒಮಾನ್‌ನಲ್ಲಿ ಸುಮಾರು ಐವತ್ತು ಜನ ಸತ್ತರು.

ಅವರಲ್ಲಿ ಒಬ್ಬರು ನಮ್ಮ ರೂಮಿನವರು. ಗಂಗೊಳ್ಳಿ ಕಡೆಯವರು, ನನಗಿಂತ ದೊಡ್ಡವರು, ನನಗೆ ಇಲ್ಲಿ ಅಡಿಗೆ ಕಲಿಸಿದವರು. ನಾವೆಲ್ಲ ಮೇಲಿನ ಮಹಡಿಗೆ ಹೋದೆವು. ಅವರು ಕಾರನ್ನು ಎತ್ತರದ ಜಾಗಕ್ಕೆ ಒಯ್ದು ನಿಲ್ಲಿಸಿ ಬರುತ್ತೇನೆ ಅಂತ ಇಳಿದರು. ಆಗ ನೀರು ಮೊಣಕಾಲಿನಷ್ಟೂ ಇರಲಿಲ್ಲ. ಅವರಿಗೆ ಈಜು ಬರುತ್ತಿತ್ತು. ನೆರೆ ಬಂದಾಗ ಹೊಳೆ ದಾಟಿ ಅಭ್ಯಾಸವಿದ್ದವರು. ನಮ್ಮಲ್ಲಿ ಹೊಳೆ ಏರುವುದು ಹೇಗೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಬಣ್ಣ ಬದಲಾಗುತ್ತದೆ, ಆಮೇಲೆ ಗದ್ದೆಗೆ ಬರುತ್ತದೆ, ದನ ಬಿಚ್ಚಲು, ಅಕ್ಕಿ ಮುಡಿ ಅಟ್ಟಕ್ಕೆ ಏರಿಸಲು ಹೊತ್ತು ಸಿಗುತ್ತದೆ. ಇಲ್ಲಿ ಆ ಹೊತ್ತು ಸಿಗುವುದಿಲ್ಲ. ನೀರಿನ ಜೊತೆ ಕಲ್ಲುಗುಂಡು, ಮರಳು, ಕಾರುಗಳು ಎಲ್ಲ ಬರುತ್ತವೆ. ಅದರಲ್ಲಿ ಈಜು ಬಂದರೂ ಒಂದೇ, ಬರದಿದ್ದರೂ ಒಂದೇ. ಅವರ ಮನೆಗೆ ಫೋನ್ ಮಾಡಿದ್ದು ನಾನು. ಅವರ ಅಮ್ಮ ಪದೇ ಪದೇ ಕೇಳಿದ್ದು ಒಂದೇ ಮಾತು, "ಅಲ್ಲಿ ಹೊಳೆಯೇ ಇಲ್ಲ ಅಂದಿದ್ನಲ್ಲ?"

ಚಂಡಮಾರುತವೇ ಬೇಕು ಅಂತಿಲ್ಲ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್ ಕಡೆ ವಾದಿಯ ನೀರಿಗೆ ಸಿಕ್ಕಿ ಶಾಲೆಯ ಮಕ್ಕಳು ಸತ್ತರು. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ದೂರದ ಬೆಟ್ಟದಲ್ಲಿ ಮಳೆ ಬಿದ್ದಿದ್ದರೆ ಸಾಕು. ಬೆಟ್ಟದ ಕಡೆ ಮೋಡ ಕಪ್ಪಾದರೆ ವಾದಿಯಲ್ಲಿ ಚಾಪೆ ಹಾಸಿ ಕೂರಬೇಡಿ, ಅಲ್ಲಿ ಕಾರು ನಿಲ್ಲಿಸಬೇಡಿ. ರಸ್ತೆ ವಾದಿಯನ್ನು ದಾಟುವಲ್ಲಿ ಬಣ್ಣ ಬಳಿದ ಅಳತೆಯ ಕಂಬಗಳಿರುತ್ತವೆ. ನೀರು ಕೆಂಪು ಮುಟ್ಟಿದ್ದರೆ ಕಾಯುವುದು. ನಾನಂತೂ ಕೆಂಪಿಗಿಂತ ಕೆಳಗಿದ್ದರೂ ಕಾಯುತ್ತೇನೆ. ಮುಂದಿನ ಲ್ಯಾಂಡ್ ಕ್ರೂಸರ್ ದಾಟಿತು ಅಂತ ಹಿಂದೆ ಹೋಗಬೇಡಿ. ಹರಿಯುವ ವಾದಿಗೆ ಗಾಡಿ ಇಳಿಸಿದರೆ ಇಲ್ಲಿ ದಂಡವೂ ಇದೆ, ಜೈಲೂ ಇದೆ. ಮನೆ ನೋಡುವಾಗ ಬಾಡಿಗೆ ಕೇಳುವ ಮೊದಲು ಸುತ್ತ ನಡೆದು ನೋಡಿ. ನೀರು ಬಂದರೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಅಕ್ಕಪಕ್ಕದ ಒಮಾನಿಗಳನ್ನು ಕೇಳಿ. ಅವರಿಗೆ ಅಜ್ಜನ ಕಾಲದ ವಾದಿಯೂ ನೆನಪಿರುತ್ತದೆ, ಸಂಕೋಚವಿಲ್ಲದೆ ಹೇಳುತ್ತಾರೆ.

ಈಗ ಸಲಾಲಾ. ಮಳೆಗಾಲ ಇರುವುದು ನಿಜ, ಆದರೆ ಅದು ನಮ್ಮ ಮಳೆಗಾಲ ಅಲ್ಲ. ಮಸ್ಕತ್‌ನಿಂದ ಸುಮಾರು 1000 ಕಿಲೋಮೀಟರ್ ದಕ್ಷಿಣಕ್ಕೆ ಧೋಫಾರ್ ಪ್ರಾಂತ. ನಿಜ್ವಾ ದಾಟಿದ ಮೇಲೆ ಹೈಮಾ, ತುಮ್ರೈತ್ ಅಂತ ಸಪಾಟು ಬಯಲಿನಲ್ಲಿ ದಿನವಿಡೀ ಗಾಡಿ ಓಡಿಸಬೇಕು. ಆಮೇಲೆ ಕರಾ ಬೆಟ್ಟ ಇಳಿದರೆ ತೆಂಗು, ಬಾಳೆ! ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್, ಅಂದರೆ ಅಲ್ಲಿಯ ಮಳೆಗಾಲ. ನಮ್ಮ ಕಡೆಗೆ ಬರುವ ನೈಋತ್ಯದ ಗಾಳಿಯೇ ಒಮಾನ್ ಕರಾವಳಿಯನ್ನು ಸವರಿಕೊಂಡು ಹೋಗುತ್ತದೆ. ಅದು ದಡದ ಬಳಿಯ ಮೇಲ್ನೀರನ್ನು ಆಚೆ ತಳ್ಳಿದಾಗ ಆಳದ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲೆ ಹಾದುಬಂದ ಹಸಿಗಾಳಿ ಮಂಜಾಗಿ ಬೆಟ್ಟಕ್ಕೆ ತಾಗಿ ನಿಲ್ಲುತ್ತದೆ. ಮೇಲೆ ಬಿಸಿಗಾಳಿಯ ಪದರ ಇರುವುದರಿಂದ ಮೋಡ ಎತ್ತರಕ್ಕೆ ಏರುವುದಿಲ್ಲ. ಅದಕ್ಕೇ ಬೀಳುವುದು ಜಡಿಮಳೆಯಲ್ಲ, ತುಂತುರು. ಎಲೆಗಳ ಮೇಲೆ ಕೂತ ಮಂಜು ಹನಿಯಾಗಿ ಬೇರಿಗೆ ಇಳಿಯುತ್ತದೆ. ಅಷ್ಟಕ್ಕೇ ಇಡೀ ಬೆಟ್ಟ ಹಸಿರಾಗಿ, ಒಂಟೆಗಳು ಹುಲ್ಲಿನಲ್ಲಿ ನಿಂತಿರುತ್ತವೆ. ಬೆಟ್ಟದ ಆಚೆ ಬದಿಗೆ ಹೋದರೆ ಮತ್ತೆ ಒಣ ನೆಲ. ಲುಬಾನ್ ಧೂಪದ ಮರ ಬೆಳೆಯುವುದು ಅಲ್ಲೇ, ಮಳೆ ನೇರವಾಗಿ ಬೀಳದ ಕಡೆ.

ಗುಡುಗು, ಹಂಚಿನ ಮೇಲೆ ಬಡಿಯುವ ಮಳೆ, ಕಪ್ಪೆ ಕೂಗು ಇದನ್ನೆಲ್ಲ ನಿರೀಕ್ಷಿಸಿಕೊಂಡು ಹೋದರೆ ನಿರಾಸೆ ಆಗುತ್ತದೆ. ಆದರೆ ರಸ್ತೆ ಬದಿಯಲ್ಲಿ ಎಳನೀರು ಕುಡಿಯುತ್ತ ನಿಂತಾಗ ಆ ಗಾಳಿ ಮುಖಕ್ಕೆ ತಾಗಿದರೆ ಮನಸ್ಸು ತಡೆಯುವುದಿಲ್ಲ. ಇನ್ನೆರಡು ದಿನಕ್ಕೆ ಇದು ನಮ್ಮ ಊರಿನ ಮೇಲೆ ಬೀಸುತ್ತದೆ ಅಂತ ಲೆಕ್ಕ ಹಾಕುತ್ತ ನಿಂತಿರುತ್ತೇನೆ.

ನಿಮ್ಮ ಊರಿಗೂ ಈ ಜಾಗಕ್ಕೂ ಹಳೆಯ ನಂಟಿದೆ. 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ಧೋಫಾರ್‌ಗೂ ಬಂದಿದ್ದ, ಹೊನ್ನಾವರಕ್ಕೂ ಬಂದಿದ್ದ. ಭಾರತದ ಹಾಗೆ ಇಲ್ಲೂ ತೆಂಗು, ವೀಳ್ಯದೆಲೆ ಬೆಳೆಯುತ್ತದೆ ಅಂತ ಬರೆದಿಟ್ಟಿದ್ದಾನೆ. ಅವನು ನೋಡಿದ ಹಳೆಯ ಪಟ್ಟಣದ ಅವಶೇಷ ಈಗಿನ ಸಲಾಲಾದಲ್ಲೇ, ಅಲ್ ಬಲೀದ್‌ನಲ್ಲಿದೆ. ರಜೆಯ ಸಂಜೆ ಹೋಗಿ ನೋಡಿ. ಮೀನಿಗೆ ಯೋಚನೆ ಮಾಡಬೇಡಿ. ನಿಮ್ಮ ತಾರ್ಲೆ, ನಮ್ಮ ಬೈಗೆ, ಅಂದರೆ ಭೂತಾಯಿ ಮೀನು, ಇಲ್ಲಿ ರಾಶಿ ರಾಶಿ. ನಾವು ತೆಂಗಿನ ಬುಡಕ್ಕೆ ಹಾಕುತ್ತೇವೆ, ಇವರು ಒಣಗಿಸಿ ಒಂಟೆಗೆ ತಿನ್ನಿಸುತ್ತಾರೆ. ಖರೀಫ್‌ನಲ್ಲಿ ಮಾತ್ರ ಸಮುದ್ರಕ್ಕೆ ಇಳಿಯಬೇಡಿ. ಮುಗ್ಸೈಲ್‌ನಲ್ಲಿ ಬೇಲಿ ದಾಟಿ ಹೋದವರು ಅಲೆಗೆ ಸಿಕ್ಕಿದ್ದಾರೆ. ನೀವು ಸಲಾಲಾಕ್ಕೆ ಹೋಗುವ ಮೇ ತಿಂಗಳು ಚಂಡಮಾರುತದ ಕಾಲವೂ ಹೌದು. 2018ರ ಮೇನಲ್ಲಿ ಮೆಕುನು ಬಂದದ್ದು ನಿಮ್ಮ ಬಂದರು ಇರುವ ರೈಸೂತ್ ಹತ್ತಿರಕ್ಕೇ.

ಕಾರು ಬೇಕೇ ಬೇಕು. ಲೈಸೆನ್ಸಿಗೆ ಡ್ರಮ್ ಟೆಸ್ಟ್ (ಡ್ರಮ್ಮುಗಳ ನಡುವೆ ಗಾಡಿ ಹಿಂದಕ್ಕೆ ತೆಗೆಯುವುದು), ಸ್ಲೋಪ್ (ಏರಿನಲ್ಲಿ ನಿಲ್ಲಿಸಿ ಹೊರಡುವುದು), ರೋಡ್ ಟೆಸ್ಟ್ ಅಂತ ಇದೆ, ತಾಳ್ಮೆ ಇಟ್ಟುಕೊಳ್ಳಿ. ಬಾಡಿಗೆ ಕರಾರನ್ನು ನಗರಸಭೆಯಲ್ಲಿ ನೋಂದಾಯಿಸಿಕೊಳ್ಳಿ. ವೀಸಾ ವಿಷಯ ನಿಮ್ಮ ಕಂಪನಿಯವರೇ ಸರಿಯಾಗಿ ಹೇಳುತ್ತಾರೆ, ನಿಯಮ ಆಗಾಗ ಬದಲಾಗುತ್ತದೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಅಮ್ಮ ಒಮ್ಮೆ ಜನವರಿಯಲ್ಲಿ ಮಸ್ಕತ್‌ಗೆ ಬಂದಿದ್ದರು. ಬೋಳು ಬೆಟ್ಟ ನೋಡಿ, "ಇಲ್ಲಿ ದನಕ್ಕೆ ಎಂತ ಹಾಕ್ತಾರೆ ಮಗ?" ಅಂತ ಕೇಳಿದರು. ಖರೀಫ್‌ಗೆ ಬನ್ನಿ, ಹಸಿರು ತೋರಿಸುತ್ತೇನೆ ಅಂತ ಪ್ರತಿ ವರ್ಷ ಕರೆದೆ. ಆದರೆ ಸಲಾಲಾ ಹಸಿರಾಗುವ ಹೊತ್ತಿಗೇ ನಮ್ಮಲ್ಲಿ ಅಗೆ ಕಿತ್ತು ನೆಟ್ಟಿ ಮಾಡುವ ಹೊತ್ತು. ಗದ್ದೆ ಬಿಟ್ಟು ಹೇಗೆ ಬರಲಿ ಅನ್ನುತ್ತಿದ್ದರು. ಗದ್ದೆ ಗೇಣಿಗೆ ಕೊಟ್ಟ ಮೇಲೆ ಬರಬಹುದಿತ್ತು, ಅಷ್ಟರಲ್ಲಿ ಮಂಡಿ ಹೋಯಿತು. ಈಗ ಅಂಗಳಕ್ಕೆ ಇಳಿಯುವುದೂ ಕಷ್ಟ. ಮಗ ಹುಲ್ಲು ಹುಟ್ಟದ ಊರಿನಲ್ಲಿದ್ದಾನೆ ಅಂತಲೇ ಅವರ ಮನಸ್ಸಿನಲ್ಲಿದೆ. ಫೋಟೊ ತೋರಿಸಿದರೆ ತಲೆ ಆಡಿಸುತ್ತಾರೆ, ಅಷ್ಟೇ.

ಅದಕ್ಕೇ ನಿಮ್ಮ ಅಮ್ಮನನ್ನು ಮೊದಲ ಖರೀಫ್‌ಗೇ ಕರೆಸಿಕೊಳ್ಳಿ. ನೆಟ್ಟಿ ಮುಗಿದ ಮೇಲೆ, ಆಗಸ್ಟ್ ಕೊನೆಗಾದರೂ ಸಾಕು, ಆಗಲೂ ಬೆಟ್ಟ ಹಸಿರಾಗಿಯೇ ಇರುತ್ತದೆ. ಸುತ್ತಲಿನ ದೇಶಗಳ ಜನವೆಲ್ಲ ಆ ತಿಂಗಳುಗಳಲ್ಲಿ ಸಲಾಲಾಕ್ಕೇ ಬರುವುದರಿಂದ ಟಿಕೆಟ್, ಮನೆ ಎರಡೂ ದುಬಾರಿ. ಮೇ ತಿಂಗಳಲ್ಲೇ ಮನೆ ಹಿಡಿದುಬಿಡಿ. ವಾದಿಯಿಂದ ದೂರ ಇರಲಿ, ಅಮ್ಮನಿಗಾಗಿ ಲಿಫ್ಟ್ ಇರಲಿ.