ಜರ್ಮನ್ ಅತಿಥಿಗಳು, ಹುಬ್ಬಳ್ಳಿಯ ಕ್ರಿಸ್‌ಮಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗನ ಜೊತೆ ಕೆಲಸ ಮಾಡುವ ಜರ್ಮನಿಯ ದಂಪತಿ ಡಿಸೆಂಬರ್ 23ರಿಂದ 26ರವರೆಗೆ ನಮ್ಮ ಮನೆಯಲ್ಲಿ ಇರುತ್ತಾರೆ. ಕ್ರಿಸ್‌ಮಸ್ ದೀಪಾಲಂಕಾರ ತೋರಿಸಲು ಎಲ್ಲಿಗೆ, ಯಾವ ಹೊತ್ತಿಗೆ ಕರೆದೊಯ್ಯಬೇಕು?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಕಾಗದಪತ್ರದ ಕೆಲಸ. ವಿದೇಶಿಯರು ಬಂದು ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಕೊಡಬೇಕು. ಇದು ಹೋಟೆಲಿನವರಿಗಷ್ಟೇ ಅಲ್ಲ, ಮನೆಯವರಿಗೂ ಅನ್ವಯ. ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಮೊದಲೇ ತರಿಸಿಟ್ಟುಕೊಳ್ಳಿ.

ಜರ್ಮನ್ನರಿಗೆ ಹಬ್ಬದ ಮುಖ್ಯ ಹೊತ್ತೆಂದರೆ 24ರ ಸಂಜೆ. ಉಡುಗೊರೆ ಬಿಚ್ಚುವುದೂ ಆಗಲೇ. ಆ ಸಂಜೆ ಅವರನ್ನು ಮಾಲ್‌ನ ಪ್ಲಾಸ್ಟಿಕ್ ಮರದ ಮುಂದೆ ನಿಲ್ಲಿಸಬೇಡಿ. ಅಂಥದ್ದನ್ನು ತಮ್ಮೂರಲ್ಲೇ ಬೇಕಾದಷ್ಟು ನೋಡಿರುತ್ತಾರೆ. ಕೇಶ್ವಾಪುರದ ಸಂತ ಜೋಸೆಫ್ ಚರ್ಚ್ ಕಡೆ ಹೋಗಿ. ಆ ದಿನಗಳಲ್ಲಿ ಸೂರ್ಯ ಮುಳುಗುವುದು 6.05ರ ಸುಮಾರಿಗೆ. 6.15ಕ್ಕೆ ಅಲ್ಲಿದ್ದರೆ ಆಕಾಶದಲ್ಲಿ ನೀಲಿ ಇನ್ನೂ ಉಳಿದಿರುತ್ತದೆ. ಫೋಟೊದಲ್ಲಿ ದೀಪವೂ ಗೋಡೆಯೂ ಎರಡೂ ಕಾಣುತ್ತವೆ. ಪೂರ್ತಿ ಕತ್ತಲಾದ ಮೇಲೆ ನಕ್ಷತ್ರದೀಪಗಳು ಬರೀ ಬಿಳಿ ಚುಕ್ಕೆ, ಕಟ್ಟಡ ಬರೀ ಕಪ್ಪು. ಆಮೇಲೆ ಸುತ್ತಲಿನ ಓಣಿಗಳಲ್ಲಿ ನಡೆಯಿರಿ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಇಟ್ಟ ಮನೆಯವರು ಕರೆದರೆ ಒಳಗೆ ಹೋಗಿ. ಗೋದಲಿಯ ಹುಲ್ಲನ್ನು ಬಗ್ಗಿ ನೋಡಲು ಹೇಳಿ: ಕೆಲವರು ರಾಗಿ ಇಲ್ಲವೇ ಗೋಧಿಯನ್ನು ವಾರ, ಹತ್ತು ದಿನ ಮೊದಲೇ ತಟ್ಟೆಯಲ್ಲಿ ಬಿತ್ತಿರುತ್ತಾರೆ, ನಮ್ಮ ನವರಾತ್ರಿಯ ಘಟದ ಸಸಿಯ ಹಾಗೆ.

ರಾತ್ರಿಯ ಬಲಿಪೂಜೆಗೆ, ಅಂದರೆ ಚರ್ಚ್‌ನ ಮಾಸ್‌ಗೆ, ಅರ್ಧ ಗಂಟೆ ಮೊದಲೇ ಹೋಗಿ. ವೇಳೆಯನ್ನು ಚರ್ಚ್‌ನಲ್ಲೇ ವಿಚಾರಿಸಿ. ಪೂಜೆ ನಡೆವಾಗ ಫ್ಲ್ಯಾಷ್ ಬೇಡ. ಪ್ರಸಾದದ ಸಾಲಿಗೆ ಕ್ಯಾಥೊಲಿಕರಲ್ಲದವರು ಹೋಗುವುದಿಲ್ಲ, ಕುಳಿತೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮರಳಿ ಬರಲು ಚಿಗರಿ ಬಸ್ ನೆಚ್ಚದೆ ಆಟೊ ಮೊದಲೇ ಹೇಳಿಡಿ. ತಂಡಿ ಇರುತ್ತದೆ, ಶಾಲು ಅತಿಥಿಗಳಿಗಿಂತ ನಿಮಗೇ ಬೇಕಾದೀತು.

25ರ ಬೆಳಿಗ್ಗೆ ಧಾರವಾಡದ ಹೆಬಿಕ್ ಸ್ಮಾರಕ ಚರ್ಚ್. ನಮ್ಮ ಲೆಕ್ಕದಲ್ಲಿ ಈ ಅತಿಥಿಗಳಿಗೆ ದೀಪಗಳಿಗಿಂತ ದೊಡ್ಡ ನೋಟ ಇದೇ. ಸ್ಯಾಮ್ಯುಯೆಲ್ ಹೆಬಿಕ್ ಜರ್ಮನಿಯವರು, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಮೊದಲ ತಂಡದಲ್ಲಿದ್ದವರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಕೂಡ ಜರ್ಮನ್. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಧಾರವಾಡದ ಕಿಟೆಲ್ ಕಾಲೇಜಿನ ಫಲಕದ ಮುಂದೆ ಒಂದು ಫೋಟೊ ಆಗಲೇಬೇಕು. ಆರಾಧನೆಯ ಕೀರ್ತನೆಗಳನ್ನು ಗಮನವಿಟ್ಟು ಕೇಳಲು ಹೇಳಿ. ಪದ ಕನ್ನಡ, ಕೆಲವಕ್ಕೆ ರಾಗ ಜರ್ಮನಿಯದು. ಅವರೇ ಗುನುಗತೊಡಗಿದರೆ ಅಚ್ಚರಿಯಿಲ್ಲ. ಉಣಕಲ್ ಕೆರೆ, ನೃಪತುಂಗ ಬೆಟ್ಟಗಳನ್ನು 26ಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಸೀರಿಯಲ್ ಸೆಟ್ ದೀಪಗಳ ವಿಡಿಯೋ ತೆಗೆದರೆ ಪಟ್ಟೆ ಪಟ್ಟೆಯಾಗಿ ಮಿಣುಕುತ್ತದೆ. ಫೋನ್ ಕೆಟ್ಟಿದೆಯೇ?
– ಓದುಗರು, ಗದಗ

ಉತ್ತರ: ಫೋನ್ ಸರಿಯಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅಗ್ಗದ ಎಲ್‌ಇಡಿ ಸರಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 50 ಇಲ್ಲವೇ 100 ಸಲ ಆರಿ ಹೊತ್ತುತ್ತವೆ. ಫೋನ್ ಸೆಕೆಂಡಿಗೆ 30 ಫ್ರೇಮ್ ಹಿಡಿದರೆ ತಾಳ ತಪ್ಪುತ್ತದೆ. ಸೆಟ್ಟಿಂಗ್‌ನಲ್ಲಿ ಆ್ಯಂಟಿ ಫ್ಲಿಕರ್ (ಮಿಣುಕು ತಡೆ) ಇದ್ದರೆ 50 ಹರ್ಟ್ಜ್ ಆರಿಸಿ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು. ಸರದ ಕಂಟ್ರೋಲರ್ ಗುಂಡಿ ಒತ್ತಿ ದೀಪಗಳನ್ನು ಒಂದೇ ಸಮನೆ ಉರಿಯಲು ಬಿಡುವುದನ್ನೂ ಮರೆಯಬೇಡಿ.

ಪ್ರಶ್ನೆ: ಮನೆ ಮುಂದೆ ಕಟ್ಟಿದ ಕಾಗದದ ನಕ್ಷತ್ರ ಕಂದಿ, ಹರಿದುಹೋಯಿತು. ಏನು ಮಾಡಲಿ?
– ಓದುಗರು, ಹಾವೇರಿ

ಉತ್ತರ: ಒಳಗೆ ಹಳೆಯ ತಂತಿ ಬಲ್ಬ್ ಹಾಕಿರಬೇಕು, ಅದು ತಿನ್ನುವ ವಿದ್ಯುತ್ತಿನ ಬಹುಪಾಲು ಶಾಖವಾಗುತ್ತದೆ. 5 ವ್ಯಾಟ್ ಎಲ್‌ಇಡಿ ಸಾಕು, ಕಾಗದಕ್ಕೆ ತಾಗದಂತಿರಲಿ. ನಕ್ಷತ್ರದ ಭಾರ ವೈರಿನ ಮೇಲೆ ಬೀಳಬಾರದು, ಬೇರೆ ದಾರದಿಂದ ಕಟ್ಟಿ. ರಾತ್ರಿ ಇಬ್ಬನಿಗೆ ಕಾಗದ ಮೆತ್ತಗಾಗಿ ಗಾಳಿಗೆ ಹರಿಯುತ್ತದೆ, ಆದ್ದರಿಂದ ಸೂರಿನ ಕೆಳಗೇ ತೂಗುಹಾಕಿ.